ಮರ್ಡೀನಾಳ ಮುಷ್ಟಿಯಲ್ಲಿದ್ದ ಬಿಲ್ಲೆ

ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಮೇಜಿಗೆ ಹಾಸುವ ಬಿಳಿಯ ಬಟ್ಟೆಯನ್ನು ನಮ್ಮೂರಿನಲ್ಲಿ ಒಗೆದು ಇಸ್ತ್ರಿ ಮಾಡುತ್ತಿದ್ದವಳು ಮರ್ಡೀನಾ. ಆದರೆ ಆ ಮೇಜಿಗೆ ಅವಳು ಒಮ್ಮೆಯೂ ಕುಳಿತವಳಲ್ಲ.

ಲೂಯಿಸ್ ದ್ವೀಪದ ನಮ್ಮ ಸಭೆಯಲ್ಲಿ ಅದೇನೂ ವಿಚಿತ್ರವಾಗಿರಲಿಲ್ಲ. ಒಂದು ಭಾನುವಾರವನ್ನೂ ತಪ್ಪಿಸದವರು ಕೂಡ, 'ನೀನು ನನ್ನವಳು' ಎಂದು ದೇವರು ತಮ್ಮ ಎದೆಗೇ ಹೇಳುವ ತನಕ ಆ ರೊಟ್ಟಿಯನ್ನು ಮುಟ್ಟುತ್ತಿರಲಿಲ್ಲ. ಕೆಲವರಿಗೆ ಆ ಮಾತು ಹರೆಯದಲ್ಲೇ ಕೇಳಿಸುತ್ತಿತ್ತು. ಕೆಲವರು ಕಾಯುತ್ತ ಕಾಯುತ್ತ ಮಣ್ಣಾಗುತ್ತಿದ್ದರು.

ಮರ್ಡೀನಾ ಕಾಯುತ್ತಿದ್ದಳು. ಮಗ್ಗದ ಮುಂದೆ ಕೂತಾಗ, ಹಸುವಿನ ಕೆಚ್ಚಲಿಗೆ ಕೈ ಹಾಕಿದಾಗ, ಅವಳ ತುಟಿ ಸದ್ದಿಲ್ಲದೆ ಅಲ್ಲಾಡುತ್ತಿತ್ತು. ಅವಳ ಹೊಲಕ್ಕೆ ತಾಗಿಕೊಂಡೇ ನಮ್ಮ ಹೊಲವಿತ್ತು. ಅದು ಪ್ರಾರ್ಥನೆಯೆಂದು ಚಿಕ್ಕವಳಾದ ನನಗೂ ಗೊತ್ತಿತ್ತು.

ಆ ಚಳಿಗಾಲದಲ್ಲಿ ಅವಳ ತಂಗಿ ಕೆನ್ನಾ ಗ್ಲಾಸ್ಗೋದಿಂದ ಊರಿಗೆ ಬಂದಳು. ಹೋಟೆಲಿನಲ್ಲಿ ದುಡಿದು, ಸಂಜೆ ಕುಣಿದು, ತುಟಿಗೆ ಬಣ್ಣ ಹಚ್ಚಿಕೊಂಡು ಬದುಕಿದ್ದವಳು ಅವಳು. ಬರುವಾಗ ಕೆಮ್ಮನ್ನು ತಂದಿದ್ದಳು. ಅಕ್ಕನ ಜೊತೆಗಿರಲೆಂದು ಚರ್ಚಿಗೆ ಹೋದವಳು ಒಂದು ಗುರುವಾರ ಉಪದೇಶದ ನಡುವೆ ಬಿಕ್ಕಿ ಬಿಕ್ಕಿ ಅತ್ತಳು. ವಸಂತ ಬರುವಷ್ಟರಲ್ಲಿ ಸಭೆಯ ಹಿರಿಯರ ಮುಂದೆ ನಿಂತು, ದೇವರು ತನ್ನನ್ನು ಕರೆದದ್ದು ಹೇಗೆಂದು ಹೇಳಿದಳು. ಅವರು ಒಪ್ಪಿದರು.

ಹಿರಿಯರಲ್ಲೊಬ್ಬನಾದ ಈವರ್ ದಾರಿಯಲ್ಲಿ ಮರ್ಡೀನಾಳನ್ನು ನಿಲ್ಲಿಸಿದ. "ತಂಗಿ ವಿಷಯ ಕೇಳಿದ್ಯೇನಮ್ಮಾ? ಎಂಥಾ ಕೃಪೆ!"

"ಹೌದೌದು, ಈವರಣ್ಣ. ಬಾಗಿಲಲ್ಲೇ ನಿಂತೋರ್ನ ಬಿಟ್ಟು, ಬೀದೀಲಿ ಕುಣ್ಕೊಂಡು ಹೋಗೋರ್ನ ಕರಿಯತ್ತೆ, ಆ ಕೃಪೆ."

ಈವರ್ ನಕ್ಕ. ಅವಳು ನಗಲಿಲ್ಲ.

ಭೋಜನಕ್ಕೆ ಒಪ್ಪಿತರಾದವರಿಗೆ ಶನಿವಾರ ಒಂದು ಸೀಸದ ಬಿಲ್ಲೆ ಕೊಡುತ್ತಾರೆ. ಹೆಬ್ಬೆರಳಿನಷ್ಟು ಅಗಲ, ಮೇಲೆ ಯಾರ ಹೆಸರೂ ಇಲ್ಲ. ಮರುದಿನ ಅದನ್ನು ಹಿರಿಯರ ಕೈಗಿಟ್ಟವರಿಗೆ ಮಾತ್ರ ಮೇಜಿನಲ್ಲಿ ಜಾಗ. ಕೆನ್ನಾ ತನ್ನ ಬಿಲ್ಲೆಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಹಿಟ್ಟು ನಾದಿದಳು. ಬೇರೆ ಊರುಗಳಿಂದ ಬಂದ ನೆಂಟರಿಂದ ಮನೆ ತುಂಬಿತ್ತು. ದೇವರ ದಿನವಾದ ಭಾನುವಾರ ಬಾವಿಗೆ ಕೊಡ ಇಳಿಸುವಂತಿಲ್ಲವಾದ್ದರಿಂದ, ಅವಳು ಏಪ್ರನ್ ಬಿಚ್ಚಿಟ್ಟು ನೀರು ತರಲು ಹೊರಟಳು. ಮರ್ಡೀನಾ ಏಪ್ರನ್ನನ್ನು ಹೊಸ್ತಿಲಾಚೆ ಕೊಡವಿದಳು. ಹಿಟ್ಟಿನ ಜೊತೆ ಏನೋ ಕಲ್ಲಿನ ಮೇಲೆ ಟಣ್ ಎಂದಿತು.

ಅಂಥ ಬಿಲ್ಲೆಯೊಂದು ಅವಳ ಕೈಗೆ ಬಂದದ್ದು ಅದೇ ಮೊದಲು. ಇಷ್ಟು ಹಗುರವೇ ಎನಿಸಿತು. ಕೊಟ್ಟುಬಿಡುವ ಮನಸ್ಸೂ ಇತ್ತು. ಅಷ್ಟರಲ್ಲಿ ಕೆನ್ನಾ ತುಂಬಿದ ಕೊಡ ಹೊತ್ತು ಕೀರ್ತನೆ ಗುನುಗುತ್ತ ದಿಬ್ಬ ಹತ್ತಿ ಬಂದಳು. ಆ ಗುನುಗು ಮರ್ಡೀನಾಳ ಹೊಟ್ಟೆಯಲ್ಲಿ ಕೆಂಡದಂತೆ ಬಿತ್ತು. ಬಿಲ್ಲೆ ಅವಳ ಜೇಬು ಸೇರಿತು. ಇದೆಲ್ಲ ಆಮೇಲೆ ಅವಳೇ ನನ್ನ ಅಮ್ಮನಿಗೆ ಹೇಳಿದ್ದು.

ಭಾನುವಾರ ಬೆಳಿಗ್ಗೆ ಕೆನ್ನಾ ಮನೆಯೆಲ್ಲ ತಡಕಾಡಿದಳು.

"ಅಕ್ಕಾ, ನನ್ನ ಬಿಲ್ಲೆ ಕಂಡ್ಯಾ?"

"ನಿನ್ನ ಬಿಲ್ಲೆ ಕಾಯೋಕೆ ನಾನೇನು ಕಾವಲುಗಾರ್ತಿಯೇನೇ?"

ಕೆನ್ನಾ ಮಂಚದ ಅಂಚಿನಲ್ಲಿ ಕುಸಿದಳು. "ಹೋಗ್ಲಿ ಬಿಡು. ದೇವರೇ ವಾಪಸ್ ತಗೊಂಡಿರ್ಬೇಕು. ನನ್ನಂಥೋಳಿಗೆ ಅಷ್ಟು ಬೇಗ ಸಿಕ್ಕಿದ್ದೇ ತಪ್ಪು."

"ಹಿರಿಯರ್ನ ಕೇಳು. ಇನ್ನೊಂದು ಕೊಡ್ತಾರೆ."

"ಬೇಡಕ್ಕಾ. ನಂಗೆ ಉತ್ತರ ಬಂತು."

ಉತ್ತರ. ಆ ಒಂದು ಮಾತಿಗಾಗಿ ಮರ್ಡೀನಾ ತನ್ನ ಹರೆಯವನ್ನೆಲ್ಲ ಕಾದು ಸವೆಸಿದ್ದಳು. ಈಗ ದೇವರ ಉತ್ತರವೆಂದು ತಂಗಿ ನಂಬಿ ಅಳುತ್ತಿದ್ದದ್ದು ಮರ್ಡೀನಾಳ ಜೇಬಿನಲ್ಲಿತ್ತು. ಆದರೂ ಅವಳು ಟೋಪಿ ಸರಿಪಡಿಸಿಕೊಂಡು, "ಹೊತ್ತಾಯ್ತು, ಏಳು," ಎಂದಳು.

ಚರ್ಚಿನ ಬಾಗಿಲಲ್ಲೇ ಈವರ್ ಕೆನ್ನಾಳ ತೋಳು ಹಿಡಿದು, ಹೊಸಬರು ಕೂರುವ ಮುಂದಿನ ಬೆಂಚಿಗೆ ಕರೆದೊಯ್ದ. ಬಿಲ್ಲೆ ಇಲ್ಲವೆಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಮರ್ಡೀನಾ ಎಂದಿನಂತೆ ಗೋಡೆ ಬದಿಯ ಬೆಂಚಿನಲ್ಲಿ, ನನ್ನ ಮತ್ತು ಅಮ್ಮನ ಪಕ್ಕದಲ್ಲಿ ಕೂತಳು.

ಯಾರು ಯಾರು ಮೇಜಿಗೆ ಬರಬಾರದೆಂದು ಪಾದ್ರಿಗಳು ಹೇಳಿ ಮುಗಿಸಿದರು. ಕೀರ್ತನೆ ಶುರುವಾಯಿತು. ಒಬ್ಬನ ದನಿ ಮುಂದೆ ಹೋಯಿತು. ಉಳಿದವರ ದನಿ ದಡಕ್ಕೆ ಬರುವ ಅಲೆಯಂತೆ ನಿಧಾನವಾಗಿ ಅದರ ಬೆನ್ನು ಹತ್ತಿತು. ಒಬ್ಬೊಬ್ಬರೇ ಎದ್ದು ಮೇಜಿನ ಕಡೆ ನಡೆದರು. ಕೆನ್ನಾ ಮಾತ್ರ ತಲೆ ತಗ್ಗಿಸಿ ಕೂತೇ ಇದ್ದಳು.

ಆಗ ಮರ್ಡೀನಾ ಎದ್ದಳು.

ನಮ್ಮಲ್ಲಿ ಆ ಕೀರ್ತನೆಯ ಹೊತ್ತಿಗೆ ಎದ್ದು ಮುಂದೆ ನಡೆದರೆ ಅದಕ್ಕೆ ಒಂದೇ ಅರ್ಥ. ಅಮ್ಮ ನನ್ನ ಕೈಯನ್ನು ನೋಯುವಂತೆ ಹಿಡಿದಳು. ಬೆಂಚಿನಿಂದ ಬೆಂಚಿಗೆ ಉಸಿರು ಹರಿಯಿತು: ಮರ್ಡೀನಾ! ಕೊನೆಗೂ ಮರ್ಡೀನಾ! ಬೇರೆ ಹಿರಿಯರು ಅವಳಿಗೂ ಬಿಲ್ಲೆ ಕೊಟ್ಟಿರಬೇಕೆಂದುಕೊಂಡು, ಮೇಜಿನ ತುದಿಯಲ್ಲಿದ್ದ ಈವರ್ ಅಂಗೈ ಚಾಚಿದ. ಅವನ ಕಣ್ಣು ತುಂಬಿತ್ತು.

"ಬಾರಮ್ಮಾ, ಬಾ. ಎಷ್ಟು ಕಾದ್ವಿ ನಿನಗೆ."

ಮೇಜಿನ ಪಕ್ಕದ ಬೆಂಚಿನಲ್ಲಿ ಜಾಗವಿತ್ತು. ರೊಟ್ಟಿಯ ವಾಸನೆ ಬರುತ್ತಿತ್ತು. ಅವಳೇ ಇಸ್ತ್ರಿ ಮಾಡಿದ ಮಡಿಕೆಗಳು ಬಟ್ಟೆಯ ಮೇಲೆ ನೇರವಾಗಿ ನಿಂತಿದ್ದವು. ಮುಷ್ಟಿ ಬಿಚ್ಚಿ ಬಿಲ್ಲೆ ಕೊಟ್ಟರೆ ಸಾಕಿತ್ತು; ಅದರ ಮೇಲೆ ಹೆಸರಿರಲಿಲ್ಲ. ಅವಳು ನಿಂತಳು.

"ಇದು ನಂದಲ್ಲ, ಈವರಣ್ಣ. ಕೆನ್ನಾದು. ನಾನು ಬಚ್ಚಿಟ್ಟಿದ್ದೆ."

ಅವಳು ಪಿಸುಗುಟ್ಟಲಿಲ್ಲ. ಕೀರ್ತನೆಯ ಎರಡು ಸಾಲುಗಳ ನಡುವೆ ಆ ಮಾತು ಎಲ್ಲರಿಗೂ ಕೇಳಿಸಿತು. ಬಿಲ್ಲೆಯನ್ನು ತಂಗಿಯ ಮಡಿಲಿಗೆ ಹಾಕಿ, ಬಂದ ದಾರಿಯಲ್ಲೇ ತಿರುಗಿ ನಡೆದಳು. ನಾವೆಲ್ಲ ತಲೆ ತಗ್ಗಿಸಿದೆವು, ಅವಳ ಮುಖ ನೋಡಬಾರದೆಂದು. ಕೆನ್ನಾ ಮೇಜಿಗೆ ಕೂತಳು.

ಆ ಮಧ್ಯಾಹ್ನ ಮರ್ಡೀನಾಳ ಮನೆಯ ನೆಂಟರೆಲ್ಲ ನಮ್ಮ ಮನೆಗೆ ಊಟಕ್ಕೆ ಬಂದರು. ಅಕ್ಕತಂಗಿ ಇಬ್ಬರೇ ಇರಲೆಂದು ಅಮ್ಮ ಹಾಗೆ ಏರ್ಪಾಡು ಮಾಡಿದ್ದಳು. ಅವರಿಬ್ಬರಿಗೆ ಉಪ್ಪು ಮೀನು, ಆಲೂಗಡ್ಡೆ ಕೊಡಲು ಹೋದ ನಾನು ಬಾಗಿಲಲ್ಲೇ ನಿಂತೆ.

"ಅಷ್ಟು ಜನರ ಮುಂದೆ ನಡ್ಕೊಂಡು ಬಂದ್ಯಲ್ಲಕ್ಕಾ," ಕೆನ್ನಾ ಹೇಳುತ್ತಿದ್ದಳು, "ಕಾಲಿಗೆ ಆ ಬಲ ಕೊಟ್ಟೋನು ಯಾರು? ಅದೇ ನಿನ್ನ ಉತ್ತರ ಅಲ್ವಾ?"

"ನಿನ್ನೆ ಮೊನ್ನೆ ಬಂದೋಳು ನಂಗೆ ಉಪದೇಶ ಮಾಡ್ಬೇಡ. ದೇವರು ಹೇಳೋದಿದ್ರೆ ನಂಗೇ ಹೇಳ್ಲಿ. ನಿನ್ನ ಬಾಯಿಂದ ಬೇಡ."

"ಇನ್ನೂ ಹೊಟ್ಟೆಕಿಚ್ಚಾ?"

"ಹೂಂ. ಉರೀತಾನೇ ಇದೆ. ತಣ್ಣಗಾಗೋ ಮುಂಚೆ ಆಲೂಗಡ್ಡೆ ತಿನ್ನು."

ಮಂಗಳವಾರ ಮರ್ಡೀನಾ ತಂಗಿಯ ಜೊತೆ ಮೇಜಿನ ಬಟ್ಟೆಯನ್ನು ಹಳ್ಳಕ್ಕೆ ಒಯ್ದಳು. ಕೆನ್ನಾ ಕೂತಿದ್ದ ಕಡೆ ದ್ರಾಕ್ಷಾರಸದ ಒಂದು ಹನಿ ಬಿದ್ದು ಕಲೆಯಾಗಿತ್ತು. ಮರ್ಡೀನಾ ಆ ಕಲೆಯನ್ನೇ ಬಹಳ ಹೊತ್ತು ಉಜ್ಜಿದಳು. ಯಾರ ಕೈಗೂ ಕೊಡದ ಆ ಬಟ್ಟೆಯ ಒಂದು ತುದಿಯನ್ನು, ಹಿಂಡುವಾಗ ತಂಗಿಗೆ ಕೊಟ್ಟಳು.

"ಗಟ್ಟಿಯಾಗಿ ತಿರುಚೇ. ಕುಣಿಯೋಕೆ ಮಾತ್ರ ಬಲ ಇತ್ತಾ ನಿಂಗೆ?"

ನೀರು ಸುರಿಯಿತು. ಇಬ್ಬರೂ ಬಟ್ಟೆಯನ್ನು ಗಾಳಿಗೆ ಬಿಡಿಸಿ ಹಿಡಿದರು. ಆ ಬಿಳುಪಿನ ಆಚೆ ತುದಿಯಲ್ಲಿ ಮರ್ಡೀನಾಳ ತುಟಿ ಮತ್ತೆ ಸದ್ದಿಲ್ಲದೆ ಅಲ್ಲಾಡುತ್ತಿತ್ತು.