ಕಮಲಾಪುರದ ಹೊಲಿಗೆ ಮಷಿನ್

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬ್ರಹ್ಮಪುರ ವಾರ್ಡಿನ ಜನ ಪಾಲಿಕೆಗೆ ಆರಿಸಿ ಕಳಿಸಿದ್ದು ನನ್ನನ್ನಲ್ಲ, ನನ್ನ ಬಾಯಿಯನ್ನು ಎಂದು ಗಂಡ ಚೇಷ್ಟೆ ಮಾಡುತ್ತಾರೆ. ಇರಲಿ, ಆ ಬಾಯಿಂದಲೇ ಒಂದಿಷ್ಟು ಕೆಲಸ ಆಗಿದೆ.

ಕಲಬುರಗಿಯಲ್ಲಿ ಪಾಲಿಕೆಯ ಹೊಲಿಗೆ ತರಬೇತಿ ಕೇಂದ್ರ ಮುಚ್ಚಿದ ಮೇಲೆ ಅಲ್ಲಿನ ಮಷಿನುಗಳು ಗೋದಾಮಿನಲ್ಲಿ ತುಕ್ಕು ಹಿಡಿಯುತ್ತಿದ್ದವು. ಬೇಕಾದ ಸಂಘಗಳಿಗೆ ಪುಕ್ಕಟೆ ಕೊಟ್ಟುಬಿಡೋಣ ಎಂದು ಸಭೆಯಲ್ಲಿ ತೀರ್ಮಾನವಾಯಿತು. ನಾನು ಎದ್ದು ನಿಂತೆ. "ಕೊಡೋದು ದೊಡ್ಡದಲ್ರಿ. ಸರ್ಕಾರಿ ಸಾಮಾನು ಅಂದ್ರ ಎಲ್ಲಾರೂ ಅಪ್ಪನ ಮನಿ ಗಂಟು ಅಂತ ತಿಳೀತಾರ. ಕೊಟ್ಟ ಮ್ಯಾಲ ನಾವು ಖುದ್ದು ಹೋಗಿ ನೋಡಬೇಕು" ಎಂದೆ. ಎಲ್ಲರೂ ಮೇಜು ಕುಟ್ಟಿದರು. ನೋಡಿ ಬರುವ ಕೆಲಸ ನನ್ನ ಕೊರಳಿಗೇ ಬಿತ್ತು. ಜೊತೆಗೆ ಒಬ್ಬ ಹಿರಿಯ ಸದಸ್ಯರನ್ನು ಹಾಕಿದರು.

ಕೆಲವು ಮಷಿನುಗಳು ಕಮಲಾಪುರದ ಹೆಣ್ಣುಮಕ್ಕಳ ಹೊಲಿಗೆ ಕೇಂದ್ರಕ್ಕೆ ಹೋಗಿದ್ದವು. ಕಮಲಾಪುರ ನನ್ನ ತವರು. ಅಲ್ಲಿಗೇ ಕೊಡಿರೆಂದು ನಾನು ಯಾರಿಗೂ ಹೇಳಿರಲಿಲ್ಲ, ಕೇಂದ್ರದವರೇ ಕೇಳಿ ಪಡೆದಿದ್ದರು. ಆದರೂ ಒಳಗೊಳಗೇ ಹಿಗ್ಗಿದ್ದೆ, ಸುಳ್ಳೇಕೆ ಹೇಳಲಿ.

ಕೇಂದ್ರ ನಡೆಸುವವರು ನಿವೃತ್ತ ಮಾಸ್ತರು. ಶಾಲು, ಹಾರ, ಊರಿನ ಕೆಂಪು ಬಾಳೆಹಣ್ಣು, ಎಲ್ಲ ತಯಾರಿಟ್ಟುಕೊಂಡು ಬಾಗಿಲಲ್ಲೇ ನಿಂತಿದ್ದರು. ಒಳಗೆ ಮಷಿನುಗಳ ಕಟಕಟ ಸದ್ದು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ಮೂಲೆಯಲ್ಲಿ ಒಬ್ಬಳು ಮಾತ್ರ ನೆಲದ ಮೇಲೆ ಕುಳಿತು ಸೂಜಿ ಹಿಡಿದು ಕೈಯಲ್ಲೇ ಹೊಲಿಯುತ್ತಿದ್ದಳು. ಸುತ್ತಲೂ ಶಾಲೆಯ ಸಮವಸ್ತ್ರದ ನೀಲಿ ಬಟ್ಟೆ. ಗಂಡ ತೀರಿಕೊಂಡವಳಂತೆ. ಶಾಲೆ ಶುರುವಾಗುವುದರೊಳಗೆ ಅಷ್ಟನ್ನೂ ಹೊಲಿದು ಕೊಡದಿದ್ದರೆ ಆ ಕೆಲಸ ಬೇರೆಯವರ ಪಾಲಾಗುತ್ತದೆ, ಮಕ್ಕಳ ಹೊಟ್ಟೆ ಅದರ ಮೇಲೇ ನಿಂತಿದೆ ಎಂದು ಪಕ್ಕದವಳು ಹೇಳಿದಳು.

"ನಿನ್ನ ಮಷಿನ್ ಎಲ್ಲದವ್ವ?" ಎಂದು ಕೇಳಿದೆ.

"ಇಲ್ರಿ ಅಕ್ಕೋರ" ಎಂದು ಆಕೆ ತಲೆ ತಗ್ಗಿಸಿದಳು.

ನಾನು ಮಷಿನುಗಳನ್ನು ಎಣಿಸಿ ಮಾಸ್ತರ ಕಡೆ ತಿರುಗಿದೆ. "ಕೊಟ್ಟದ್ರಾಗ ಒಂದು ಕಡಿಮಿ ಅದಲ್ರಿ. ಎಲ್ಲಿ ಹೋಯ್ತು?"

ಅವರು ಹೆಗಲ ಮೇಲಿನ ಶಲ್ಯದಿಂದ ಮುಖ ಒರೆಸಿಕೊಂಡು, "ಅದು ನಿಮಗ ಗೊತ್ತಿದ್ದದ್ದೇ ಅಲ್ರಿ ಮೇಡಂ" ಎಂದು ಸಣ್ಣಗೆ ನಕ್ಕರು.

ಆ ನಗು ನೋಡಿ ನನ್ನ ಪಿತ್ತ ನೆತ್ತಿಗೇರಿತು. "ನನಗೇನ್ರಿ ಗೊತ್ತು? ಬಡವರ ಬಾಯಾಗಿನ ತುತ್ತು ಕಸಗೊಂಡು ಮ್ಯಾಲ ಹಲ್ಲು ಕಿಸೀತೀರಿ? ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೋತೀರಿ! ನಾಚಿಕಿ ಆಗಂಗಿಲ್ಲೇನು ನಿಮಗ?" ಆ ವಯಸ್ಸಿನ ಮನುಷ್ಯನಿಗೆ ಎಲ್ಲರೆದುರು ಹಾಗೆ ಅಂದೆ. ಹಿರಿಯ ಸದಸ್ಯರು "ಸಮಾಧಾನ ಮಾಡ್ಕೋರಿ" ಎಂದು ತಡೆದರು. ನಾನು ಕೇಳಲಿಲ್ಲ. ಆಕೆಯ ಮುಂದೆ ಹೋಗಿ, "ನೀ ಹೆದರಬ್ಯಾಡವ್ವ. ಯಾರ ಮನ್ಯಾಗ ಇದ್ರೂ ಇವತ್ತೇ ತಂದು ಕೊಡ್ತೇನಿ" ಎಂದೆ. ಆಕೆ ಮುಖ ಎತ್ತಲೇ ಇಲ್ಲ. ಮಷಿನುಗಳ ಸದ್ದು ನಿಂತುಹೋಗಿತ್ತು. ನನಗೆ ಹೆದರಿ ಎಲ್ಲರೂ ಸುಮ್ಮನಾಗಿದ್ದಾರೆ ಎಂದೇ ತಿಳಿದುಕೊಂಡೆ.

ಊರಿಗೆ ಬಂದ ಮಗಳು ತವರಲ್ಲಿ ಉಣ್ಣದೆ ಹೋದರೆ ನಮ್ಮ ಕಡೆ ಅವಮಾನ. ಹಿರಿಯರನ್ನೂ ಊಟಕ್ಕೆ ಕರೆದುಕೊಂಡು ಹೋದೆ. ಅವ್ವ ಆಗಲೇ ಬಿಸಿ ರೊಟ್ಟಿ, ಪುಂಡಿಪಲ್ಯ ಮಾಡಿಟ್ಟಿದ್ದಳು. ಪಡಸಾಲೆಯಲ್ಲಿ ಕಾಲಿಟ್ಟೆ. ಕಿಟಕಿಯ ಕೆಳಗೆ ಒಂದು ಹೊಲಿಗೆ ಮಷಿನ್. ಅರಿಷಿಣ ಕುಂಕುಮ ಹಚ್ಚಿ, ಮಲ್ಲಿಗೆ ದಂಡೆ ಏರಿಸಿದ್ದರು. ಅದರ ಪಕ್ಕೆಯಲ್ಲಿ ಪಾಲಿಕೆಯವರು ಬಿಳಿ ಬಣ್ಣದಲ್ಲಿ ಬರೆದ ಅಕ್ಷರ ಹಾಗೇ ಇತ್ತು.

"ನೋಡ್ರಿ ಸಾಹೇಬ್ರ, ನಮ್ಮ ಮಗಳು ಕೊಡಿಸಿದ್ದು" ಎಂದಳು ಅವ್ವ. ಮುಖ ಅರಳಿತ್ತು.

"ಇದು ಇಲ್ಲಿಗೆ ಹ್ಯಾಂಗ ಬಂತವ್ವ?"

"ನಾನೇ ಹೋಗಿ ತಂದೆ. ಊರಿಗೆಲ್ಲಾ ಕೊಟ್ಟ ಮಗಳು ತವರಿಗೆ ಬರಿಗೈ ಮಾಡ್ತಾಳೇನು? ಆಕಿ ಕಳಿಸಿದ್ರಾಗ ನಂದೂ ಒಂದು ಅಂತಂದೆ. ಮಾಸ್ತರು ಪಾಪ, ಇಲ್ಲ ಅನ್ಲಿಲ್ಲ. ಸೊಸಿ ಜಂಪರ ಹೊಲೀಲಿಕ್ಕೆ ಆಯ್ತು."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಮಾಸ್ತರ ನಗು, ಕೋಣೆಯ ಮೌನ, ಎಲ್ಲ ಒಮ್ಮೆಲೇ ತಿಳಿಯಿತು. ಇಡೀ ಊರಿಗೆ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಹಿರಿಯರು ತಾಟಿನ ಮುಂದೆ ಕುಳಿತು ರೊಟ್ಟಿ ಮುರಿದರು. ಅವರು ಎರಡು ಮಾತು ಬೈದಿದ್ದರೆ ಚೆನ್ನಾಗಿತ್ತು. ನಾನು ತಾಟು ಪಕ್ಕಕ್ಕೆ ಸರಿಸಿ ಎದ್ದೆ.

"ಅವ್ವಾ, ಇದನ್ನ ವಾಪಸ್ ಒಯ್ತೇನಿ."

"ಪೂಜಿ ಮಾಡಿದ ಸಾಮಾನು ಹೊಸ್ತಿಲ ದಾಟಿಸ್ತೀಯೇನು? ಬಂದವರ ಮುಂದ ನನ್ನ ಇಜ್ಜತ್ ತೆಗೀತೀ?"

"ನನ್ನ ಇಜ್ಜತ್ ಆಗಲೇ ಹೋಗ್ಯಾದವ್ವ."

ಒಂದು ಕಡೆ ನಾನು, ಇನ್ನೊಂದು ಕಡೆ ಹಿರಿಯರು ಹಿಡಿದು ಮಷಿನನ್ನು ನಾವು ಬಂದಿದ್ದ ಜೀಪಿಗೆ ಹಾಕಿದೆವು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಆಕೆ ಕದ್ದಿರಲಿಲ್ಲ. ಮಗಳು ಕೊಟ್ಟದ್ದು ಎಂದೇ ನಂಬಿದ್ದಳು. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ನಾನು ಡ್ರೈವರಿಗೆ ಗದರಿದೆ.

ಕೇಂದ್ರಕ್ಕೆ ಹೋಗಿ ಎಲ್ಲರೆದುರು ಮಾಸ್ತರಿಗೆ ಕೈಮುಗಿದೆ. "ತಪ್ಪಾಯ್ತು ಸರ್" ಎಂದೆ. "ಹೋಗ್ಲಿ ಬಿಡ್ರಿ" ಎಂದು ಅವರು ಬೇರೆ ಕಡೆ ನೋಡಿದರು. ಮಷಿನನ್ನು ಆ ಹೆಣ್ಣುಮಗಳ ಮುಂದೆ ಇರಿಸಿ, "ತಗೋವ್ವ, ಇದು ನಿಂದೇ" ಎಂದೆ.

ಆಕೆ ಅದನ್ನು ಮುಟ್ಟಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹಿರಿಯರನ್ನೊಮ್ಮೆ ನೋಡಿ, ನನ್ನ ಹತ್ತಿರ ಬಂದು, ಅವರಿಗೆ ಕೇಳದ ಹಾಗೆ ದನಿ ತಗ್ಗಿಸಿ ಅಂದಳು:

"ಸಾಹೇಬ್ರು ಹೋದ ಮ್ಯಾಲ ಮತ್ತ ಯಾವಾಗ ಒಯ್ತೀರಿ ಅಕ್ಕೋರ? ಹೇಳಿದ್ರ ಅಷ್ಟರಾಗ ಹೊಲ್ದು ಮುಗಸ್ತೇನ್ರಿ."