ಆಯಿಲ್ ಕೂಲರ್ ಹಾಕಿಸಲು ಗಂಗಾವತಿಗೆ

ಯಲಬುರ್ಗಾ ಬಿಟ್ಟಾಗ ಇನ್ನೂ ಬಿಸಿಲು ಏರಿರಲಿಲ್ಲ. ಕಾರು ಅಪ್ಪ ಬಹಳ ವರ್ಷಗಳ ಹಿಂದೆ ಕೊಂಡ ಡೀಸೆಲ್ ಗಾಡಿ. ಅಪ್ಪನ ಕಣ್ಣು ಮಂಜಾದ ಮೇಲೆ ನಡೆಸುವವಳು ನಾನೊಬ್ಬಳೇ. ಕುಷ್ಟಗಿಯ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ನನ್ನದು. ದಿನಾಲೂ ಇದರಲ್ಲೇ ಹೋಗಿ ಬರುತ್ತಿದ್ದೆ.

ಬೇಸಿಗೆಯಲ್ಲಿ ಎಂಜಿನ್ ಆಯಿಲ್ ಕಾದು ನೀರಿನಂತಾಗುತ್ತಿತ್ತು. ವೇಗ ತಗ್ಗಿಸಿದರೆ ಸಾಕು, ಆಯಿಲ್ ಒತ್ತಡದ ಕೆಂಪು ದೀಪ ಮಿಣುಕುತ್ತಿತ್ತು. ಬೇವಿನ ನೆರಳು ಹುಡುಕಿ, ಬಾನೆಟ್ ತೆರೆದಿಟ್ಟು, ಆರುವವರೆಗೆ ಕಾಯಬೇಕು. ಹಾಗೆ ಕಾದು ತಡವಾಗಿ ಹೋಗಿ ಆಸ್ಪತ್ರೆಯಲ್ಲಿ ಮಾತು ಕೇಳಿದ್ದೇನೆ. ಕೊಪ್ಪಳದಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ತಮ್ಮ ಮಲ್ಲು ಬಂದಾಗಲೆಲ್ಲ, "ಅಕ್ಕಾ, ಗುಜರಿಗೆ ಹಾಕು ಇದನ್ನ" ಎನ್ನುತ್ತಿದ್ದ. ಆದರೆ ಈ ಸಲ ಅಪ್ಪನೇ, "ಗಂಗಾವತ್ಯಾಗ ಒಬ್ಬ ಛಲೋ ಮೇಸ್ತ್ರಿ ಅದಾನಂತ. ಆಯಿಲ್ ತಣ್ಣಗ ಮಾಡೂ ಕೂಲರ್ ಹಾಕ್ತಾನಂತ. ಹಾಕಿಸಿಬಿಡು, ನಾನೂ ಬರ್ತೀನಿ" ಎಂದ. ನಾನು ಅಂದೇ ರಜೆ ಹಾಕಿದೆ.

ಕುಕನೂರಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದೆವು. ಅಪ್ಪ ತನ್ನ ಮಿರ್ಚಿಯಲ್ಲಿ ಒಂದನ್ನು ನನ್ನ ತಟ್ಟೆಗೆ ಹಾಕಿ, "ತಿನ್ನು, ಗಾಡಿ ಹೊಡೀಬೇಕು" ಎಂದ. ತಳಕಲ್ ದಾಟುವಾಗ ಎರಡೂ ಕಡೆ ಕರಿಮಣ್ಣಿನ ಹೊಲಗಳು ಖಾಲಿ ಬಿದ್ದಿದ್ದವು. ಬಿಸಿಗಾಳಿ ಮುಖಕ್ಕೆ ಬಡಿಯುತ್ತಿತ್ತು. ಕೊಪ್ಪಳದಲ್ಲಿ ಮಲ್ಲುವಿನ ಮನೆಗೆ ಹೋಗೋಣವೇ ಎಂದು ಕೇಳಿದರೆ, "ಬರೂಮುಂದ ಹೋಗೂಣು" ಎಂದ. ಗಿಣಿಗೇರಿಯ ಲಾರಿಗಳ ಹಿಂದೆ ತೆವಳುವಾಗ ದೀಪ ಮಿಣುಕಿತು. ನಿಲ್ಲಿಸಿ, ಎಂಜಿನ್ ಆರಿಸಿಕೊಂಡು ಹೊರಟೆವು. ಕಾಲುವೆ ನೀರಿನ ಸೀಮೆ ಬಂದಮೇಲೆ ಭತ್ತದ ಹಸಿರು ಶುರುವಾಗಿ, ಗಾಳಿ ಸ್ವಲ್ಪ ತಣ್ಣಗಾಯಿತು.

ಮೇಸ್ತ್ರಿಯ ಹೆಸರು ಖಾದರ್. ದೊಡ್ಡ ದನಿಯ ಆಸಾಮಿ. ಸಣ್ಣ ರೇಡಿಯೇಟರಿನಂತಿದ್ದ ಕೂಲರನ್ನು ನನ್ನ ಕೈಗೆ ಕೊಟ್ಟು, "ಇದನ್ನ ಮುಂದ ಜಾಳಿಗಿ ಹಿಂದ ಕುಂದ್ರಿಸ್ತೀನ್ರಿ ಅಕ್ಕಾರ. ಗಾಳಿ ಬಡೀತದ, ಆಯಿಲ್ ತಣ್ಣಗ ಆಗಿ ಎಂಜಿನ್ನಿಗೆ ಹೊಳ್ಳಿ ಬರ್ತದ" ಎಂದ. ಹಳೇ ಆಯಿಲ್ ಬಸಿದು, ಫಿಲ್ಟರ್ ಬಿಚ್ಚಿ, ಅದಕ್ಕೂ ಎಂಜಿನ್ನಿಗೂ ನಡುವೆ ಎರಡು ಬಾಯಿಗಳಿದ್ದ ದಪ್ಪ ಬಿಲ್ಲೆ ಕೂಡಿಸಿದ. ಒಂದು ಬಾಯಿಂದ ಬಿಸಿ ಆಯಿಲ್ ಹೋಗಬೇಕು, ಇನ್ನೊಂದಕ್ಕೆ ತಣಿದದ್ದು ಬರಬೇಕು. ಪೈಪುಗಳಿಗೆ ಮಾತ್ರ, ಭತ್ತ ಕೊಯ್ಯುವ ಯಂತ್ರಗಳಿಗೆ ಪೈಪು ಮಾಡಿಕೊಡುವ ಅಂಗಡಿಗೆ ಹೋಗಬೇಕಿತ್ತು.

ಅಂಗಡಿಯಾತ ಕಾಲುವೆ ಸೀಮೆಯ ತೆಲುಗಿನವ. "ಎಂತ ಪೊಡವು ಕಾವಾಲಮ್ಮಾ?" ಎಂದು ಕೇಳಿ, ನಾನು ತಡವರಿಸಿದ್ದು ಕಂಡು, "ಎಷ್ಟು ಉದ್ದ ಬೇಕ್ರಿ?" ಎಂದ. ಖಾದರ್ ಕೊಟ್ಟ ಅಳತೆ ಹೇಳಿದೆ. ಎರಡು ಪೈಪು ಕತ್ತರಿಸಿ, ತುದಿಗಳಿಗೆ ಕಬ್ಬಿಣದ ನಟ್ಟು ಒತ್ತಿ ಕೊಟ್ಟ. ಆದರೆ ಕೂಡಿಸಿ ನೋಡಿದರೆ ಪೈಪುಗಳು ಬಿಗಿದು ನಿಂತವು.

"ಚಾಲೂ ಮಾಡಿದಾಗ ಈ ಎಂಜಿನ್ ಭಾಳ ಅಲುಗಾಡ್ತದ. ಜಗ್ಗಿ ಕಿತ್ತು ಬರ್ತಾವ ಇವು" ಎಂದೆ.

ಖಾದರ್ ನಂಬಲಿಲ್ಲ. ಚಾಲೂ ಮಾಡಿ ತೋರಿಸಲು ಎಂಜಿನ್‌ನಲ್ಲಿ ಆಯಿಲ್ ಇರಲಿಲ್ಲ. ಸನ್ನೆಗೋಲು ಹಾಕಿ ಎಂಜಿನ್ ಮಿಸುಕಿಸಿ ನೋಡಿದ ಮೇಲೆ, "ಹೌದ್ರಿ, ಸಡ್ಲ ಬಿಡಬೇಕಿತ್ತು" ಎಂದು ಪೈಪು ಬಿಚ್ಚಿದ. ಮತ್ತೆ ಅಂಗಡಿ, ಮತ್ತೆ ಪೈಪು. ಈ ಸಲ ಸೈಲೆನ್ಸರಿನ ಕೊಳವೆಗೆ ತಾಗದಂತೆ ಸುತ್ತು ಹಾಕಿಸಿ ಕಟ್ಟಿದೆವು. ಕಾರಿನಡಿ ಮಲಗಿ ಕೆಳಗಿನ ಪೈಪು ಹಿಡಿದವಳು ನಾನೇ. ಕುಪ್ಪಸದ ತೋಳಿಗೆಲ್ಲ ಕರಿ ಆಯಿಲ್.

ಅಪ್ಪ ಗ್ಯಾರೇಜಿನ ಗೇಟಿನ ಹತ್ತಿರ ಫೋನಿನಲ್ಲಿದ್ದ. ಯಾರೆಂದು ಕೇಳಿದೆ. "ಮಲ್ಲು. ಕೆಲಸ ಎಲ್ಲಿ ತನಕ ಬಂತಂತ ಕೇಳ್ತಾನ" ಎಂದ. ತಮ್ಮನಿಗೆ ಕೊನೆಗೂ ನನ್ನ ಪಾಡು ಅರ್ಥವಾಯಿತೆಂದು ಸಮಾಧಾನವಾಯಿತು.

ಹೊಸ ಆಯಿಲ್ ತುಂಬಿದ ಮೇಲೆ ಖಾದರ್ ಎಂಜಿನ್ ಚಾಲೂ ಆಗದಂತೆ ಡೀಸೆಲ್ ಬಂದ್ ಮಾಡಿಸಿ, ಸೆಲ್ಫ್ ಮಾತ್ರ ಹೊಡೆಸಿದ. ಆಯಿಲ್ ಪೈಪುಗಳಲ್ಲೆಲ್ಲ ತುಂಬಿಕೊಂಡಿತು, ಕೆಂಪು ದೀಪ ಆರಿತು. ಆಮೇಲೆ ಎಂಜಿನ್ ಚಾಲೂ ಮಾಡಿದೆ. ಎಲ್ಲೂ ಸೋರಲಿಲ್ಲ. ಕೂಲರನ್ನು ಮುಟ್ಟಿದರೆ ಮೆಲ್ಲಗೆ ಬೆಚ್ಚಗಾಗುತ್ತಿತ್ತು. ಬರುವಾಗ ಗಿಣಿಗೇರಿಯಲ್ಲಿ ಅದೇ ಲಾರಿಗಳ ಸಾಲು, ಅದೇ ತೆವಳಾಟ. ದೀಪ ಒಮ್ಮೆಯೂ ಮಿಣುಕಲಿಲ್ಲ. ಇನ್ನು ನಿಲ್ಲದೆ ಕುಷ್ಟಗಿ ಮುಟ್ಟಬಹುದೆಂದು ಅಪ್ಪನಿಗೆ ಹೇಳಿದೆ. ಅಪ್ಪ ಹೊರಗೆ ನೋಡುತ್ತಿದ್ದ.

ಕೊಪ್ಪಳದಲ್ಲಿ ಮಲ್ಲು ಮನೆ ಮುಂದೆ ಹೂವಿನ ಸರ, ನಿಂಬೆಹಣ್ಣು ಹಿಡಿದು ನಿಂತಿದ್ದ. ಹೆಂಡತಿಯ ಕೈಯಲ್ಲಿ ಆರತಿ ತಟ್ಟೆ. ನಾನು ನಗುತ್ತಲೇ ಇಳಿದೆ. ಅಪ್ಪ ನನ್ನ ಕೈಯಿಂದ ಕೀಲಿ ತೆಗೆದುಕೊಂಡು ಮಲ್ಲುವಿನ ಕೈಗಿಟ್ಟ.

"ಗಾಡಿ ಈಗ ಗಟ್ಟಿ ಆತು. ಮನಿತನದ ಗಾಡಿ ಗಂಡುಮಗನ ಮನಿ ಮುಂದ ನಿಲ್ಲಬೇಕು" ಎಂದ.

"ನಾ ಕೇಳಿದ್ದಿಲ್ಲಕ್ಕ, ಅಪ್ಪನೇ ಕೊಡ್ತೀನಂದ" ಎಂದು ಮಲ್ಲು ನೆಲ ನೋಡಿದ. ಮರುಕ್ಷಣವೇ ಬಾನೆಟ್ಟಿನ ಮೇಲೆ ಕೈಯಾಡಿಸಿ, "ಹಳೇ ಗಾಡಿಗೆ ಈಗ ಭಾಳ ಕಿಮ್ಮತ್ತು ಐತಿ. ಬಣ್ಣ ಹೊಡಿಸಿದ್ರ ಅಂಗಡಿ ಮುಂದ ಶೋಕಿ ಕಾಣ್ತದ" ಎಂದ.

"ಇದನ್ನ ಮುಂಜಾನಿ ಯಲಬುರ್ಗಾದಾಗ ಹೇಳಬಹುದಿತ್ತಲ್ಲಪ್ಪ" ಎಂದೆ.

"ಹೇಳಿದ್ರ ನೀ ಗಂಗಾವತಿಗೆ ಬರ್ತಿದ್ದಿಲ್ಲ" ಎಂದ ಅಪ್ಪ. ಸಿಟ್ಟಿನಿಂದಲ್ಲ. ಲೆಕ್ಕ ಸರಿಯಾಗಿದೆ ಎನ್ನುವವನ ಹಾಗೆ.

ಮಲ್ಲುವಿನ ಹೆಂಡತಿ ಚಹಾ ತಂದಳು, ಕುಡಿಯಲಿಲ್ಲ. ಕಾರಿನೊಳಗಿದ್ದ ನನ್ನ ಛತ್ರಿ, ಚೀಲ ತೆಗೆದುಕೊಂಡೆ. ಪೈಪಿನ ನಟ್ಟುಗಳನ್ನು ಎರಡು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸೆಂದು ಮಲ್ಲುವಿಗೆ ಹೇಳಿದೆ. ಎಂಜಿನ್ ಏನು ತಪ್ಪು ಮಾಡಿತ್ತು?

ಆಟೋ ಹಿಡಿದು ಅಪ್ಪನೂ ನಾನೂ ಬಸ್ ನಿಲ್ದಾಣಕ್ಕೆ ಬಂದೆವು. ಯಲಬುರ್ಗಾ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಅಪ್ಪನಿಗೆ ಬಿಟ್ಟೆ. ಕಂಡಕ್ಟರ್ ನನ್ನ ಆಧಾರ್ ನೋಡಿ ಸೊನ್ನೆ ಟಿಕೆಟ್ ಕೊಟ್ಟ, ಅಪ್ಪನ ಟಿಕೆಟಿಗೆ ನಾನು ದುಡ್ಡು ಕೊಟ್ಟೆ. ಸೆಕೆಯಲ್ಲಿ ನನ್ನ ತೋಳಿನ ಆಯಿಲ್ ವಾಸನೆ ಬಸ್ಸಿಗೆಲ್ಲ ಹರಡಿ, ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು.

ಕುಕನೂರು ದಾಟಿದ ಮೇಲೆ ಅಪ್ಪ, "ನಾಳಿ ಕುಷ್ಟಗಿಗೆ ಹೆಂಗ ಹೋಗ್ತಿ?" ಎಂದು ಕೇಳಿದ.

"ಬಸ್ಸಿಗೆ."

"ಬಸ್ ಭಾಳ ಅದಾವ ಬಿಡು. ಹೆಣ್ಣುಮಕ್ಕಳಿಗೆ ರೊಕ್ಕ ಸೈತ ಇಲ್ಲ" ಎಂದು ನಿರಾಳವಾಗಿ ಸೀಟಿಗೊರಗಿದ. ಸ್ವಲ್ಪ ಹೊತ್ತಿಗೆ ಅವನ ತಲೆ ನನ್ನ ಹೆಗಲಿಗೆ ಬಂತು. ನಾನು ಸರಿಯಲಿಲ್ಲ.

ಯಲಬುರ್ಗಾ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮೆಟ್ಟಿಲು ಕಾಣದೆ ತಡಕಾಡುತ್ತಿದ್ದ ಅಪ್ಪನನ್ನು ಕೈ ಹಿಡಿದು ಇಳಿಸಿದೆ. ಅವನು ಧೋತರ ಸರಿಪಡಿಸಿಕೊಂಡು, ಆ ಕಡೆ ಈ ಕಡೆ ನೋಡಿ ಕೇಳಿದ:

"ಮನಿ ತನಕ ನಡೀಬೇಕೇನು?"

"ನಡೀಬೇಕು" ಎಂದೆ.