ಎದೆಕವಚದ ಬಿರುಕು

ಸಿನಿಮಾದ ಬಾಹ್ಯಾಕಾಶ ಸೈನಿಕನ ಕವಚವನ್ನು ಪರದೆಯ ಮೇಲೆ ಕಂಡಂತೆಯೇ, ಒಂದು ಗೆರೆಯೂ ತಪ್ಪದಂತೆ, ನಾನು ಪುಣೆಯ ನಮ್ಮ ಮನೆಯಲ್ಲಿ ಎರಡು ವರ್ಷ ಕೂತು ಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದೆ. ಅದರ ಎದೆಭಾಗ ಮಾತ್ರ ತೊಟ್ಟಾಗಲೆಲ್ಲ ಕಂಕುಳ ಹತ್ತಿರ ಬಿರುಕು ಬಿಡುತ್ತಿತ್ತು. ಕೊನೆಗೆ ದೇಹೂ ರೋಡಿನಲ್ಲಿ ಕಾರಿನ ಬಂಪರ್ ಬೆಸೆಯುವ ಕಲಬುರಗಿಯವರೊಬ್ಬರಿಗೆ ಒಯ್ದು ಕೊಟ್ಟೆ.

"ಎರಡ್ ದಿನ ಇಲ್ಲೇ ಬಿಟ್ಟ್ ಹೋಗ್ರಿ," ಎಂದರು.

ಹತ್ತು ನಿಮಿಷದ ಬೆಸುಗೆಗೆ ಎರಡು ದಿನ ಯಾಕೆ? ಅಚ್ಚು ತೆಗೆದುಕೊಂಡು ನಕಲು ಮಾರುತ್ತಾರೆಂದು ನನಗೆ ಅನುಮಾನ. ಮರುದಿನ ಮಧ್ಯಾಹ್ನ ಆಫೀಸಿಗೆ ರಜೆ ಹಾಕಿ, ಹೇಳದೆ ಕೇಳದೆ ಹೋದೆ. ಅಂಗಡಿಯ ಹಿಂದೆ ಅವರು ನನ್ನ ಕವಚ ತೊಟ್ಟು, ಸ್ಟೂಲಿನ ಮೇಲೆ ಕೂತು ಏಳುತ್ತಿದ್ದರು. ಪಕ್ಕದಲ್ಲಿ ಬಿಳಿ ಪುಡಿಯ ಡಬ್ಬಿ ಇತ್ತು. ಅಚ್ಚಿನ ಪ್ಲಾಸ್ಟರೇ ಅಂದುಕೊಂಡೆ.

"ಏನ್ ಮಾಡ್ಲಿಕ್ಕತ್ತೀರಿ?" ಎಂದು ಗದರಿದೆ.

"ಎಲ್ಲಿ ಜಗ್ತದ ಅಂತ ನೋಡ್ಲಿಕ್ಕತ್ತೀನ್ರಿ. ನಿಂತಾಗ ಅಲ್ರಿ, ಕುಂತಾಗ ಒಡೀತದ. ಬಗಲಿನ ಪಟ್ಟಿ ಭಾಳ ಬಿಗಿ ಅದ."

ನಾನು ಡಬ್ಬಿ ಎತ್ತಿ ಮೂಸಿದೆ. ಮೈಗೆ ಹಚ್ಚುವ ಪೌಡರ್. ಕವಚ ಕಂಕುಳಿಗೆ ಉಜ್ಜದಿರಲೆಂದು ಹಚ್ಚಿಕೊಂಡಿದ್ದರು. ನಾನು ಮೂಸುವುದನ್ನು ಅವರು ನೋಡಿದರು. ಬಿರುಕು ಬೆಸೆದು, ಪಟ್ಟಿಯನ್ನು ಎರಡು ಬೆರಳಷ್ಟು ಸಡಿಲಿಸಿ ಕೊಟ್ಟರು. ಆದರೂ ಮನೆಗೆ ಬಂದು ಒಳಮೈಯಲ್ಲಿ ಅಚ್ಚಿನ ಗುರುತು ಹುಡುಕಿದೆ. ಇರಲಿಲ್ಲ.

ಕವಚ ಮತ್ತೆ ಒಡೆಯಲಿಲ್ಲ. ನಾನು ಮಾತ್ರ ಆ ಅಂಗಡಿ ದಾಟುವಾಗ ಈಗಲೂ ಮುಖ ತಿರುಗಿಸಿಕೊಳ್ಳುತ್ತೇನೆ.